ಹದಿನೆಂಟು ಅಂಕಿಗಳ ಕಳವು

“ಇನ್ನೊಂದು ಸಲ ಹೇಳು” ಎಂದರು ಪಂಚಾಕ್ಷರಪ್ಪ.

ಮಾನಸ ಮೂರನೇ ಸಲ ಹೇಳಿದಳು. “ಐನೂರ ಹದಿನೇಳು. ಮುನ್ನೂರ ಆರು. ಇನ್ನೂರ ಮೂವತ್ತನಾಲ್ಕು. ಆರುನೂರ ಹತ್ತೊಂಬತ್ತು. ಏಳುನೂರ ನಲವತ್ತೈದು. ನಾನೂರ ಮೂವತ್ತೊಂಬತ್ತು.”

ಪಂಚಾಕ್ಷರಪ್ಪ ಬರೆದುಕೊಂಡರು. 517306234619745439. ಮೊದಲೆರಡು ಸಲ ಬರೆದ ಸಾಲುಗಳ ಕೆಳಗೇ ಬರೆದು ತಾಳೆ ನೋಡಿದರು. ಮೂರೂ ಸಾಲು ಒಂದೇ. ಒಂದಂಕಿಯೂ ಆಚೀಚೆ ಆಗಿರಲಿಲ್ಲ.

“ನೋಡಿದ್ರಾ ಮೇಡಂ?” ಎಂದು ಅವರು ಜಯಶೀಲಾ ಕಡೆ ತಿರುಗಿದರು. “ಪರೀಕ್ಷೆ ಆಗಿ ಹದಿನೈದು ದಿನ ಆತು. ಪ್ರಶ್ನೆಪತ್ರಿಕೆ ಒಬ್ರಿಗೂ ಮನೆಗೆ ಒಯ್ಯಾಕೆ ಬಿಟ್ಟಿಲ್ಲ. ಹಾಲ್‌ನಾಗೇ ವಾಪಸ್ ಇಸ್ಕಂಡು ಸೀಲ್ ಹಾಕೀವಿ. ಹಂಗಿದ್ದ ಮ್ಯಾಲೆ ಈ ಹದಿನೆಂಟು ಅಂಕಿ ಇವಳ ಬಾಯಿಗೆ ಹೆಂಗ್ ಬಂದ್ವು?”

ಹೊಸದುರ್ಗದ ಆ ಟ್ರಸ್ಟ್ ಕಚೇರಿಯಲ್ಲಿ ಫ್ಯಾನು ಜೋರಾಗಿಯೇ ತಿರುಗುತ್ತಿತ್ತು. ಆದರೂ ಜಯಶೀಲಾ ಅವರಿಗೆ ಮೈ ಕುದಿಯುತ್ತಿತ್ತು. ಪೊಲೀಸ್ ಇಲಾಖೆಯಲ್ಲಿ ಮೂವತ್ತೆರಡು ವರ್ಷ ದುಡಿದು ಸಬ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು ಅವರು. ಚಿತ್ರದುರ್ಗದ ಮನೆಯಲ್ಲಿ ಕಾಲು ಚಾಚಿ ಕೂರಬೇಕಾದ ವಯಸ್ಸಿನಲ್ಲಿ ಊರವರ ತಂಟೆ ತಕರಾರಿನ ಹಿಂದೆ ಬಸ್ಸು ಹತ್ತುವುದು ಅವರ ಹುಟ್ಟುಗುಣ, ಸುಟ್ಟರೂ ಹೋಗದ್ದು. ಕಳ್ಳರನ್ನು ಕಂಡರೆ ಅವರಿಗೆ ಅಷ್ಟೇನೂ ಸಿಟ್ಟು ಬರುವುದಿಲ್ಲ. ಕಳ್ಳ ಯಾರೆಂದು ಮೊದಲೇ ತೀರ್ಮಾನ ಮಾಡಿಕೊಂಡು ಆಮೇಲೆ ಸಾಕ್ಷಿ ಹುಡುಕುವವರನ್ನು ಕಂಡರೆ ಮಾತ್ರ ರಕ್ತ ನೆತ್ತಿಗೇರುತ್ತದೆ.

ಇಲ್ಲಿ ಆಗಿದ್ದೂ ಅದೇ. ಟ್ರಸ್ಟಿನ ಜಿಲ್ಲಾ ಗಣಿತ ಪರೀಕ್ಷೆಯಲ್ಲಿ ಮೊದಲ ನಾಲ್ವರಿಗೆ ಚಿತ್ರದುರ್ಗದಲ್ಲಿ ಎರಡು ವರ್ಷದ ಪಿಯುಸಿ, ಹಾಸ್ಟೆಲ್ಲು, ಎಲ್ಲ ಉಚಿತ. ಐದನೆಯವಳಾಗಿ ಬಂದ ಮಾನಸ “ಇಪ್ಪತ್ತನೇ ಪ್ರಶ್ನೆಗೆ ನನ್ನ ಉತ್ತರ ಸರಿ ಐತೆ, ಇನ್ನೊಂದ್ಸಲ ನೋಡ್ರಿ” ಎಂದು ಕೇಳಲು ಬಂದಿದ್ದಳು. ಸಂಖ್ಯೆಯನ್ನು ಬಾಯಲ್ಲೇ ಹೇಳಿದ್ದಳು. ಅದೇ ತಪ್ಪಾಯಿತು. ಅವಳ ತಾಯಿ ಮೀನಾಕ್ಷಿ ಇದೇ ಕಚೇರಿಯ ಕಸ ಗುಡಿಸುವವಳು. ತಾಯಿ ಕದ್ದಳು, ಮಗಳು ಓದಿದಳು ಎಂದು ಪಂಚಾಕ್ಷರಪ್ಪನವರು ಕೂತಲ್ಲೇ ತೀರ್ಪು ಕೊಟ್ಟುಬಿಟ್ಟಿದ್ದರು. ಟ್ರಸ್ಟಿನ ಕಾರ್ಯದರ್ಶಿ ಎಂದರೆ ಸುಮ್ಮನೆಯೇ!

ಪೊಲೀಸ್ ಠಾಣೆಗೆ ಕೊಡಬೇಕಾದ ದೂರು ಟೈಪಾಗಿ ಮೇಜಿನ ಮೇಲೆ ಬಿದ್ದಿತ್ತು. ಅದರಲ್ಲಿ ಎರಡು ಹೆಸರು. ತಾಯಿಯದು, ಮಗಳದು.

“ಐದು ಗಂಟೆಗೆ ಇದು ಠಾಣೆಗೆ ಹೋಗ್ತೈತೆ” ಎಂದರು ಪಂಚಾಕ್ಷರಪ್ಪ. “ಆಮ್ಯಾಲೆ ಯಾವ ಕಾಲೇಜಿನೋರು ಇವಳಿಗೆ ಸೀಟ್ ಕೊಡ್ತಾರೋ ನೋಡಾಣ.”

ಗೋಡೆ ಗಡಿಯಾರ ಮೂರೂವರೆ ತೋರಿಸುತ್ತಿತ್ತು.

“ಮಾನಸ, ಬಾರಮ್ಮ ಇಲ್ಲಿ” ಎಂದರು ಜಯಶೀಲಾ. “ಇಷ್ಟುದ್ದದ ಸಂಖ್ಯೆ ನಿಂಗೆ ಹೆಂಗ್ ನೆನಪೈತೆ? ಇವರಿಗಲ್ಲ, ನಂಗೆ ಹೇಳು.”

ಹತ್ತನೇ ತರಗತಿಯ ಹುಡುಗಿ. ಎರಡು ಜಡೆ, ಸಮವಸ್ತ್ರ. ಕಣ್ಣು ಕೆಂಪಗಿದ್ದವು, ದನಿ ಮಾತ್ರ ಗಟ್ಟಿಯಾಗಿತ್ತು.

“ನಾನು ಅಂಕಿ ನೆನಪಿಟ್ಕಳಲ್ಲ ಮೇಡಂ. ಮೂರು ಮೂರು ಮಾಡಿ ಇಟ್ಕಳ್ತೀನಿ. ನಮ್ಮಜ್ಜಿ ಜುಂಜಮ್ಮ ಹಂಗೇ ಎಣಿಸೋದು. ಬೆಳಿಗ್ಗೆ ರೊಪ್ಪದ ಬಾಗಿಲು ತೆಗೆದ್ರೆ ಕುರಿ ಒಂದೇ ಸಲ ನುಗ್ತಾವೆ. ಅಜ್ಜಿ ಕೋಲು ಅಡ್ಡ ಹಿಡಿದು ಮೂರು ಮೂರೇ ಬಿಡ್ತಾಳೆ. ಮೊದಲ್ನೇ ಮೂರು ಎಡಗೈ ಬೆರಳಿಗೆ, ಆಮ್ಯಾಲಿನ ಮೂರು ಬಲಗೈ ಬೆರಳಿಗೆ. ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ. ಕೊನೀಗೆ ಎಡ ಬಲ ಸಮ ಬರ್ಬೇಕು. ಇಲ್ಲಾಂದ್ರೆ ಎಡಕ್ಕೆ ಒಂದು ಹೆಚ್ಚಿಗೆ. ಎರಡು ಹೆಚ್ಚಾದ್ರೆ ಎಲ್ಲೋ ಎಣಿಕೆ ತಪ್ಪೈತೆ ಅಂತ.”

ಮತ್ತೋಡಿನ ಕಡೆಯ ಹಟ್ಟಿಯಲ್ಲಿ ಈಗಲೂ ಆ ಮುದುಕಿ ಹಾಗೆಯೇ ಎಣಿಸುತ್ತಾಳಂತೆ. ಐದು ವರ್ಷದವಳಿದ್ದಾಗಿನಿಂದ ಈ ಹುಡುಗಿ ಪಕ್ಕದಲ್ಲಿ ನಿಂತು ಬೆರಳು ಮಡಿಚಿದವಳು.

ಪಂಚಾಕ್ಷರಪ್ಪ ಹೊಟ್ಟೆ ಕುಣಿಯುವಂತೆ ನಕ್ಕರು. “ಕುರಿ ಲೆಕ್ಕ! ನಾವು ಇಲ್ಲಿ ಗಣಿತ ಪರೀಕ್ಷೆ ನಡೆಸಿದ್ರೆ ಇವರು ಕುರಿ ಎಣಿಸ್ತಾರೆ.”

“ನಗಬ್ಯಾಡ್ರಿ” ಎಂದರು ಜಯಶೀಲಾ. “ನಿಮ್ಮ ಮೇಜಿನ ಮ್ಯಾಲೆ ಕರೆಂಟ್ ಬಿಲ್ ಐತಲ್ಲ, ಅದರ ಖಾತೆ ನಂಬರು ಓದ್ರಿ. ಅದರ ಹಿಂದೇನೇ ಮೀಟರ್ ನಂಬರೂ ಓದ್ರಿ. ಒಂದೇ ಸಲ.”

ಅವರು ಬೇಕೆಂದೇ ಗಡಿಬಿಡಿಯಲ್ಲಿ ಓದಿದರು. ಮಾನಸಳ ಬೆರಳುಗಳು ಎಡ, ಬಲ, ಎಡ, ಬಲ ಎಂದು ಮಡಿಚಿಕೊಂಡವು. ಜಯಶೀಲಾ ಐದು ನಿಮಿಷ ಊರಿನ ಮಾತು, ಬಸ್ಸಿನ ಮಾತು ಆಡಿಸಿ ಆಮೇಲೆ ಕೇಳಿದರು. ಹುಡುಗಿ ಅಷ್ಟನ್ನೂ ಒಂದೂ ತಪ್ಪದೆ ಹೇಳಿದಳು.

ಪಂಚಾಕ್ಷರಪ್ಪ ಬಿಲ್ಲನ್ನು ಮಗುಚಿಟ್ಟರು. “ಜ್ಞಾಪಕಶಕ್ತಿ ಇದ್ದೋರು ಕದಿಯಲ್ಲ ಅಂತ ಏನಾದ್ರೂ ಕಾನೂನೈತಾ?”

ನೋಡಿ, ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಹತ್ತಿರ ವಾದ ಮಾಡುವುದು ಹೀಗೆಯೇ. ನೆನಪಿರದಿದ್ದರೆ ಸುಳ್ಳಿ. ನೆನಪಿದ್ದರೆ ಕಳ್ಳಿ. ಬಡವರ ಮನೆಯ ಮಗಳು ಜಾಣೆಯಾಗಲು ಮೂರನೆಯ ದಾರಿಯೇ ಇಲ್ಲ.

“ಸರಿ, ಇವಳು ಬರೆದ ಉತ್ತರ ಏನು?”

“ಹನ್ನೊಂದು ಅಂತ ಬರೆದಾಳೆ. ತಪ್ಪು. ಪ್ರಶ್ನೆ ಏನಪ್ಪಾ ಅಂದ್ರೆ, ಈ ಸಂಖ್ಯೇನ ಏಳು, ಹನ್ನೊಂದು, ಹದಿಮೂರು, ಈ ಮೂರರಾಗೆ ಯಾವ್ಯಾವುದು ಶೇಷ ಉಳೀದಂಗೆ ಭಾಗಿಸ್ತಾವೆ ಅಂತ. ಸರಿ ಉತ್ತರ ಏಳು ಮತ್ತು ಹದಿಮೂರು. ಹನ್ನೊಂದು ಅಲ್ಲವೇ ಅಲ್ಲ. ಅದೂ ಬರೀ ಉತ್ತರ. ಒಂದು ಮೆಟ್ಟಿಲು ಲೆಕ್ಕ ಇಲ್ಲ.”

“ಬೆರಳಾಗೆ ಮಾಡಿದ್ದಕ್ಕೆ ಮೆಟ್ಟಿಲು ಎಲ್ಲಿಂದ ಬರ್ತೈತೆ ಸಾರ್?” ಎಂದಳು ಮಾನಸ.

“ನಂಗೆ ಮಾಡಿ ತೋರಿಸು” ಎಂದರು ಜಯಶೀಲಾ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಮೂವತ್ತಾರು ಬಂದಿದ್ದವರು ಅವರು. ಅದನ್ನು ಯಾರಿಗೂ ಹೇಳಿರಲಿಲ್ಲ.

“ಎಡಗೈಗೆ ಐನೂರ ಹದಿನೇಳು, ಇನ್ನೂರ ಮೂವತ್ತನಾಲ್ಕು, ಏಳುನೂರ ನಲವತ್ತೈದು. ಕೂಡಿದ್ರೆ ಸಾವಿರದ ನಾನೂರ ತೊಂಬತ್ತಾರು. ಬಲಗೈಗೆ ಮುನ್ನೂರ ಆರು, ಆರುನೂರ ಹತ್ತೊಂಬತ್ತು, ನಾನೂರ ಮೂವತ್ತೊಂಬತ್ತು. ಕೂಡಿದ್ರೆ ಸಾವಿರದ ಮುನ್ನೂರ ಅರವತ್ನಾಲ್ಕು. ಎಡದಾಗೆ ಬಲ ಕಳೀರಿ. ನೂರ ಮೂವತ್ತೆರಡು ಉಳೀತೈತೆ. ಹನ್ನೊಂದು ಹನ್ನೆರಡ್ಲೆ ನೂರ ಮೂವತ್ತೆರಡು. ಏಳಕ್ಕೆ ಹೋಗಲ್ಲ, ಆರು ಉಳೀತೈತೆ. ಹದಿಮೂರಕ್ಕೂ ಹೋಗಲ್ಲ, ಎರಡು ಉಳೀತೈತೆ. ಅಷ್ಟೇ ಮೇಡಂ.”

“ಅಷ್ಟು ದೊಡ್ಡ ಸಂಖ್ಯೆಯ ಹಣೆಬರ ಈ ನೂರ ಮೂವತ್ತೆರಡರಾಗೆ ಐತಾ? ಹೆಂಗೆ?”

“ಏಳು, ಹನ್ನೊಂದು, ಹದಿಮೂರು ಗುಣಿಸಿದ್ರೆ ಸಾವಿರದ ಒಂದು. ಅದನ್ನ ಒಂದು ಹಿಂಡು ಅಂದ್ಕಳ್ರಿ. ತುಂಬಿದ ಹಿಂಡನ್ನ ಲೆಕ್ಕದಿಂದ ಬಿಟ್ರೂ ನಡೀತೈತೆ, ಯಾಕಂದ್ರೆ ಅದು ಮೂರಕ್ಕೂ ಹೋಗ್ತೈತೆ. ಬರೀ ಸಾವಿರ ಇದ್ರೆ ಹಿಂಡಿಗೆ ಒಂದು ಕಮ್ಮಿ. ಅದಕ್ಕೇ ಕಳೀಬೇಕು. ಸಾವಿರ ಸಲ ಸಾವಿರ ಆದ್ರೆ ಕಳೆದಿದ್ದು ತಿರುಗಿ ಕೂಡಬೇಕು. ಹಂಗೇ ಎಡ, ಬಲ, ಎಡ, ಬಲ.” ಅವಳು ಬಾಗಿಲ ಕಡೆ ನೋಡಿ ಮೊದಲ ಸಲ ಸ್ವಲ್ಪ ನಕ್ಕಳು. “ಎಣಿಸೋದು ಅಜ್ಜೀದು. ಸಾವಿರದ ಒಂದರ ಗುಟ್ಟು ನಮ್ಮ ಸರ್ ಹೇಳಿಕೊಟ್ಟಿದ್ದು.”

ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಿದ್ದ ಗೋವರ್ಧನ ಮೇಷ್ಟ್ರು ತಲೆ ತಗ್ಗಿಸಿದರು. ಮಾನಸಳ ಶಾಲೆಯ ಗಣಿತ ಮೇಷ್ಟ್ರು. ಮೂರು ದಿನದ ಹಿಂದೆ ಚಿತ್ರದುರ್ಗಕ್ಕೆ ಬಂದು “ನಮ್ಮ ಹುಡುಗಿಗೆ ಅನ್ಯಾಯ ಆಗೈತೆ, ದೂರು ಠಾಣೆಗೆ ಹೋಗ್ದಂಗೆ ನೀವೇ ಬಂದು ತಡೀಬೇಕು” ಎಂದು ಜಯಶೀಲಾ ಅವರ ಕೈ ಹಿಡಿದು ಬೇಡಿಕೊಂಡವರು ಅವರೇ.

“ಮೇಡಂ, ಒಂದು ನಿಮಿಷ” ಎಂದು ಮೇಷ್ಟ್ರು ಎದ್ದರು. “ಇವರ ಹತ್ರ ಜಿದ್ದು ಸಾಧಿಸಿ ಏನ್ ಸಿಗ್ತೈತೆ? ಹುಡುಗಿ ಕೈಲಿ ಒಂದು ಕ್ಷಮಾಪಣೆ ಪತ್ರ ಬರೆಸಿ ಕೊಟ್ಟುಬಿಡಾಣ. ದೂರು ಹರಿದು ಹಾಕ್ತಾರೆ. ಮುಂದಿನ ಓದಾದ್ರೂ ಉಳೀತೈತೆ.”

“ಕ್ಷಮೆ ಕೇಳಾಕೆ ಇವಳು ಏನ್ ಮಾಡ್ಯಾಳ್ರಿ?” ಜಯಶೀಲಾ ಅವರ ದನಿಗೆ ಕಿಟಕಿಯ ಗಾಜು ಅದುರಿತು. “ಪಾಠ ಹೇಳೋ ಮೇಷ್ಟ್ರಾಗಿ ನೀವೇ ಹಿಂಗಂದ್ರೆ ಹೆಂಗೆ?”

ಮೇಷ್ಟ್ರು ಕೂತರು. ಗೋಡೆಗೆ ಒರಗಿ ನಿಂತಿದ್ದ ಮೀನಾಕ್ಷಿ ಸೆರಗಿನ ತುದಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ಬಂದಾಗಿನಿಂದ ಅವಳು ಒಂದು ಮಾತೂ ಆಡಿರಲಿಲ್ಲ. “ನನ್ನ ಮಗಳು ಕದ್ದಿಲ್ಲ” ಎಂದು ಒಮ್ಮೆಯೂ ಹೇಳಿರಲಿಲ್ಲ. ಹೆದರಿದ್ದಾಳೆ ಎಂದುಕೊಂಡರು ಜಯಶೀಲಾ.

ನೀರು ಕುಡಿಯಲು ಅವರು ವರಾಂಡಕ್ಕೆ ಬಂದರು.

ಅಲ್ಲಿ ನೀರಿನ ಡ್ರಮ್ಮಿನ ಮೇಲೆ ಗೋಡೆಗೆ ಗಾಜಿನ ಪೆಟ್ಟಿಗೆ ಹೊಡೆದಿದ್ದರು. ಮೊದಲ ನಾಲ್ವರ ಉತ್ತರಪತ್ರಿಕೆಗಳು, ಪಕ್ಕಕ್ಕೆ ಫೋಟೋಗಳು, ಮೇಲೆ ‘ಆದರ್ಶ ಉತ್ತರಗಳು’ ಎಂಬ ಬಂಗಾರದ ಬಣ್ಣದ ಅಕ್ಷರ. ನಾಲ್ವರೂ ಹಿರಿಯೂರಿನ ಒಂದೇ ಟ್ಯೂಷನ್ನಿನವರು. ನಾಲ್ವರದೂ ನೂರಕ್ಕೆ ನೂರು.

ಗೋವರ್ಧನ ಮೇಷ್ಟ್ರು ಹಿಂದೆಯೇ ಬಂದಿದ್ದರು. “ಆ ಮಕ್ಕಳ ಉಸಾಬರಿ ನಮಗ್ಯಾಕೆ ಮೇಡಂ? ಬರ್ರಿ, ಟೈಮಾತು.”

“ನೀರು ಕುಡಿಯಾಕೂ ಬಿಡಲ್ವೇನ್ರಿ?” ಎಂದು ಜಯಶೀಲಾ ಲೋಟ ತುಂಬಿಸಿಕೊಂಡು ಅಲ್ಲೇ ನಿಂತರು.

ಇಪ್ಪತ್ತನೇ ಉತ್ತರ. ಏಳರಿಂದ ಉದ್ದ ಭಾಗಾಕಾರ, ಹದಿಮೂರರಿಂದ ಉದ್ದ ಭಾಗಾಕಾರ. ಮುತ್ತು ಪೋಣಿಸಿದಂಥ ಅಕ್ಷರ. ಒಂದು ಹೊಡೆದುಹಾಕಿದ ಗೆರೆಯಿಲ್ಲ. ನಾಲ್ಕು ಹಾಳೆಯಲ್ಲೂ ಅಷ್ಟೇ ಸಾಲು, ಅದೇ ಜಾಗದಲ್ಲಿ ಅಡಿಗೆರೆ. ಜಯಶೀಲಾ ತಮ್ಮ ಕೈಬೆರಳಿನಲ್ಲಿ ಗಾಜಿನ ಮೇಲೆ ಮೂರು ಮೂರು ಮುಟ್ಟುತ್ತ ಹೋದರು. ಹುಡುಗಿಯ ಎಣಿಕೆ ಅವರಿಗೂ ಅಂಟಿಕೊಂಡಿತ್ತು.

ಐನೂರ ಹದಿನೇಳು. ಮುನ್ನೂರ ಆರು. ಇನ್ನೂರ ಎಂಬತ್ತನಾಲ್ಕು.

ಬೆರಳು ನಿಂತಿತು.

ಎಂಬತ್ತನಾಲ್ಕು? ಮಾನಸ ಮೂರು ಸಲವೂ ಮೂವತ್ತನಾಲ್ಕು ಎಂದಿದ್ದಳು. ಎರಡನೇ ಹಾಳೆ ನೋಡಿದರು. ಎಂಬತ್ತನಾಲ್ಕು. ಮೂರನೆಯದು, ನಾಲ್ಕನೆಯದು. ಎಲ್ಲದರಲ್ಲೂ ಎಂಬತ್ತನಾಲ್ಕು. ಉಳಿದ ಹದಿನೇಳು ಅಂಕಿಯೂ ಒಂದೇ, ಆ ಒಂದು ಜಾಗದಲ್ಲಿ ಮಾತ್ರ ಮೂರರ ಬದಲು ಎಂಟು.

ಬಸ್ ಟಿಕೆಟ್ಟಿನ ಹಿಂದೆ ಜಯಶೀಲಾ ಪೆನ್ನಿನಿಂದ ಕೂಡಿದರು. ಎಡಗೈ ಸಾವಿರದ ಐನೂರ ನಲವತ್ತಾರು. ಬಲಗೈ ಅದೇ ಸಾವಿರದ ಮುನ್ನೂರ ಅರವತ್ನಾಲ್ಕು. ಕಳೆದರೆ ನೂರ ಎಂಬತ್ತೆರಡು. ಏಳು ಇಪ್ಪತ್ತಾರಲೆ ನೂರ ಎಂಬತ್ತೆರಡು. ಹದಿಮೂರು ಹದಿನಾಲ್ಕಲೆ ನೂರ ಎಂಬತ್ತೆರಡು. ಹನ್ನೊಂದಕ್ಕೆ ಹೋಗುವುದಿಲ್ಲ.

ಎರಡೂ ಉತ್ತರ ಸರಿ. ಸಂಖ್ಯೆಯೇ ಬೇರೆ ಬೇರೆ.

ಅವರು ಲೋಟವನ್ನು ಡ್ರಮ್ಮಿನ ಮೇಲೆ ಕುಕ್ಕಿ ಒಳಗೆ ನಡೆದರು. ನಾಲ್ಕು ಗಂಟೆ ಹೊಡೆಯುತ್ತಿತ್ತು.

“ಪಂಚಾಕ್ಷರಪ್ಪನೋರೇ, ನಿಮ್ಮ ಪ್ರಶ್ನೆಪತ್ರಿಕೆ ಹುಟ್ಟಿದಾಗಿನಿಂದ ಹಾಲ್‌ಗೆ ಹೋಗೋ ತನಕ ಎಲ್ಲೆಲ್ಲಿತ್ತು ಹೇಳ್ರಿ.”

“ಅದರಾಗೆ ಏನ್ ಗುಟ್ಟೈತೆ?” ಎಂದರು ಅವರು ಎದೆಯುಬ್ಬಿಸಿ. “ಹೊರಜಿಲ್ಲೆಯ ಒಬ್ಬ ಲೆಕ್ಚರರು ಕೈಬರಹದಾಗೆ ಬರೆದು, ಉತ್ತರ ಸಮೇತ ಲಕೋಟೆಯಾಗೆ ಕಳಿಸಿದ್ರು. ಎಂಟು ದಿನ ಆ ಬೀರುವಿನಾಗೆ ಇತ್ತು. ಆಮ್ಯಾಲೆ ನಾನೇ ಹೊಳಲ್ಕೆರೆಗೆ ಒಯ್ದು, ಪ್ರೆಸ್ಸಿನಾಗೆ ಎದುರಿಗೇ ಕುಂತು ಟೈಪ್ ಮಾಡ್ಸಿ, ಕೈಬರಹ ವಾಪಸ್ ತಂದು ಬೀರುವಿನಾಗೇ ಇಟ್ಟೆ. ಅಚ್ಚಾದ ಕೂಡ್ಲೆ ಸೀಲ್ ಹಾಕಿ ಚಿತ್ರದುರ್ಗಕ್ಕೆ ಕಳಿಸಿದ್ದು. ಸೀಲ್ ಒಡೆದಿದ್ದು ಪರೀಕ್ಷೆ ಹಾಲ್‌ನಾಗೆ, ಎಲ್ಲರ ಮುಂದೆ.”

“ಅಚ್ಚಿಗೆ ಮುಂಚೆ ಕರಡು ತಿದ್ದಿದ್ದು ಯಾರು?”

“ನಾನೇ. ಒಂದು ಅಕ್ಷರ ತಪ್ಪಿಲ್ಲ.”

“ಅಂಕಿ ನೋಡಿದ್ರಾ?”

ಪಂಚಾಕ್ಷರಪ್ಪ ಕಣ್ಣು ಮಿಟುಕಿಸಿದರು. “ಅಂಕಿ ಏನ್ರಿ ಓದೋದು? ಅಂಕಿ ಅಂಕೀನೇ.”

“ವಾಪಸ್ ಇಸ್ಕಂಡ ಪ್ರಶ್ನೆಪತ್ರಿಕೆ ಕಟ್ಟು ಎಲ್ಲೈತೆ? ತೆಗೀರಿ.”

“ಅದು ಸೀಲ್ ಮಾಡಿದ್ದು. ಹಂಗೆಲ್ಲ ಒಡೆಯಾಕೆ ಬರಲ್ಲ.”

ಇಲ್ಲಿ ಜಯಶೀಲಾ ಅವರ ತಾಳ್ಮೆಯ ಕಟ್ಟೆ ಒಡೆಯಿತು. “ಒಂದು ಹೆಣ್ಣುಮಗುನ ಮೂರು ಸಲ ಮುಂದೆ ನಿಲ್ಲಿಸಿ ಸಂಖ್ಯೆ ಹೇಳಿಸಿದ್ರಲ್ಲ, ಒಂದ್ಸಲನಾದ್ರೂ ಅದನ್ನ ಪ್ರಶ್ನೆಪತ್ರಿಕೆ ಜೊತೆ ತಾಳೆ ನೋಡಿದ್ರಾ? ಅವಳು ಹೇಳಿದ್ದನ್ನ ಅವಳು ಹೇಳಿದ್ದಕ್ಕೇ ತಾಳೆ ನೋಡಿದ್ರಿ! ಕುರಿ ಕಾಯೋರ ಮೊಮ್ಮಗಳು, ಕಸ ಗುಡಿಸೋಳ ಮಗಳು, ಕದ್ದೇ ಇರ್ತಾಳೆ ಅಂತ ಮೊದಲೇ ಗೊತ್ತಿತ್ತಲ್ಲ ನಿಮಗೆ! ಇವತ್ತು ಆ ಸೀಲು ಒಡೀದಿದ್ರೆ ನಾಳೆ ನಾನೇ ಒಂದು ದೂರು ಕೊಡ್ತೀನಿ. ಅದರಾಗೆ ಮೊದಲ್ನೇ ಹೆಸರು ನಿಮ್ಮದು.”

ಬಡವನ ಕೋಪ ದವಡೆಗೆ ಮೂಲ ಎನ್ನುತ್ತಾರೆ. ನಿವೃತ್ತ ಪೊಲೀಸಿನವರ ಕೋಪಕ್ಕೆ ಇನ್ನೂ ಅಷ್ಟಿಷ್ಟು ಬೆಲೆಯಿದೆ. ಪಂಚಾಕ್ಷರಪ್ಪ ಗೊಣಗುತ್ತ ಕಪಾಟಿನಿಂದ ಬಟ್ಟೆಯ ಕಟ್ಟು ತೆಗೆದರು. ಅರಗಿನ ಮುದ್ರೆಗಳು ಇಡಿಯಾಗಿದ್ದವು, ಪರೀಕ್ಷಾ ಹಾಲ್‌ನ ಮೇಲ್ವಿಚಾರಕರ ಸಹಿಗಳೂ ಇದ್ದವು. ಜಯಶೀಲಾ ಅದನ್ನೆಲ್ಲ ಎಲ್ಲರಿಗೂ ತೋರಿಸಿ ಆಮೇಲೆ ಕತ್ತರಿ ಹಾಕಿದರು.

ಮೇಲಿನ ಪ್ರಶ್ನೆಪತ್ರಿಕೆ. ಇಪ್ಪತ್ತನೇ ಪ್ರಶ್ನೆ.

“ಓದ್ರಿ. ಗಟ್ಟಿಯಾಗಿ. ಮೂರು ಮೂರು.”

“ಐನೂರ ಹದಿನೇಳು” ಎಂದು ಶುರುಮಾಡಿದರು ಪಂಚಾಕ್ಷರಪ್ಪ. “ಮುನ್ನೂರ ಆರು. ಇನ್ನೂರ... ಮೂವತ್ತನಾಲ್ಕು.”

“ಈಗ ಬೀರು ತೆಗೆದು ಕೈಬರಹದ ಹಾಳೆ ಓದ್ರಿ.”

ಅವರು ಲಕೋಟೆಯಿಂದ ಹಾಳೆ ಎಳೆದರು. ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

“ಇನ್ನೂರ ಎಂಬತ್ತನಾಲ್ಕು.”

“ಪ್ರೆಸ್ಸಿನೋರು ಎಂಟನ್ನ ಮೂರು ಅಂತ ಓದ್ಕಂಡ್ರು. ನೀವು ಅಂಕಿ ಓದಲಿಲ್ಲ. ಹಂಗಾಗಿ ಪರೀಕ್ಷೆಗೆ ಕುಂತ ಮಕ್ಕಳ ಕೈಗೆ ಬಂದಿದ್ದು ಬೇರೇನೇ ಸಂಖ್ಯೆ. ಅದು ಏಳಕ್ಕೆ ಹೋಗಲ್ಲ, ಹದಿಮೂರಕ್ಕೆ ಹೋಗಲ್ಲ, ಹನ್ನೊಂದಕ್ಕೆ ಹೋಗ್ತೈತೆ. ನಿಮ್ಮ ಉತ್ತರ ಮಾತ್ರ ಹಳೇ ಸಂಖ್ಯೇದು. ಈ ಹುಡುಗಿ ಬರೆದಿದ್ದೇ ಸರಿ. ಸರಿ ಬರೆದೋಳಿಗೆ ಸೊನ್ನೆ ಕೊಟ್ಟು, ಮ್ಯಾಲೆ ಕಳ್ಳಿ ಅಂದ್ರಿ!”

ಮಾನಸ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

“ಇನ್ನೂ ಮುಗಿದಿಲ್ಲ” ಎಂದರು ಜಯಶೀಲಾ. “ಮೂವತ್ತನಾಲ್ಕು ಇದ್ದಿದ್ದು ಸೀಲ್ ಮಾಡಿದ ಕಟ್ಟಿನಾಗೆ, ಅದು ಒಡೆದಿದ್ದು ಹಾಲ್‌ನಾಗೆ. ಎಂಬತ್ತನಾಲ್ಕು ಇದ್ದಿದ್ದು ನಿಮ್ಮ ಬೀರುವಿನಾಗೆ. ಬೀರುವಿನಿಂದ ಕದ್ದೋರ ಬಾಯಾಗೆ ಎಂಬತ್ತನಾಲ್ಕು ಬರ್ಬೇಕಿತ್ತು. ಇವಳ ಬಾಯಾಗೆ ಮೂರು ಸಲನೂ ಮೂವತ್ತನಾಲ್ಕೇ ಬಂತು. ನಿಮ್ಮ ಕೈಬರಹದಾಗೇ ಐತೆ ನೋಡ್ಕಳ್ರಿ, ಮೂರು ಸಾಲು. ಎಂಬತ್ತನಾಲ್ಕು ಅಂತ ಬರೆದಿರೋದು ಯಾರು ಗೊತ್ತಾ? ಹೊರಗೆ ಗಾಜಿನಾಗೆ ಹಾರ ಹಾಕಿ ಕೂರಿಸಿದ್ದೀರಲ್ಲ, ನಿಮ್ಮ ಆದರ್ಶ ಉತ್ತರಗಳು!”

ಪಂಚಾಕ್ಷರಪ್ಪ ವರಾಂಡಕ್ಕೆ ಓಡಿದರು. ಓಡಿದಷ್ಟೇ ಬೇಗ ತಿರುಗಿ ಬಂದರು.

“ಮೂರು, ಎಂಟು ಒಂದೇ ತರ ಕಾಣ್ತಾವೆ. ಗಡಿಬಿಡಿಯಾಗೆ ಮಕ್ಕಳು...”

“ನಾಲ್ಕೂ ಜನಕ್ಕೂ, ಅದೇ ಜಾಗದಾಗೆ? ಆಯ್ತು, ಆ ಕಪಾಟಿನಾಗೆ ಉಳಿದ ಮಕ್ಕಳ ಉತ್ತರಪತ್ರಿಕೆನೂ ಅವೆಯಲ್ಲ. ನೀವೇ ನಾಲ್ಕು ತೆಗೀರಿ, ಯಾವುದಾದ್ರೂ.”

ಅವರು ನಾಲ್ಕಲ್ಲ, ಎಂಟು ತೆಗೆದರು. ಒಬ್ಬ ತಪ್ಪು ಭಾಗಿಸಿದ್ದ. ಒಬ್ಬಳು ಅಳುತ್ತ ಬರೆದಂತೆ ಹಾಳೆಯ ಮೇಲೆ ಶಾಯಿ ಹರಡಿತ್ತು. ಎಂಟರಲ್ಲೂ ಸಂಖ್ಯೆ ಮಾತ್ರ ಮೂವತ್ತನಾಲ್ಕಿನದೇ.

“ಆ ನಾಲ್ವರು ಪರೀಕ್ಷೆಯಾಗೆ ಪ್ರಶ್ನೆ ಓದೇ ಇಲ್ಲ” ಎಂದರು ಜಯಶೀಲಾ. ಅವರ ದನಿಯಲ್ಲಿ ಈಗ ಸಿಟ್ಟಿನ ಜೊತೆಗೆ ಬೇಸರವೂ ಇತ್ತು. “ಮನೆಯಾಗೆ ಬಾಯಿಪಾಠ ಮಾಡಿದ್ದನ್ನ ಮೆಟ್ಟಿಲು ಮೆಟ್ಟಿಲು ಇಳಿಸಿ ಬಂದಾರೆ. ಕಣ್ಣೆದುರಿಗೆ ಮೂರು ಇದ್ರೂ ಕೈ ಎಂಟು ಬರೀತು. ಮಕ್ಕಳನ್ನ ಬೈದು ಏನ್ ಮಾಡೋದು, ಅವಕ್ಕೆ ಕೊಟ್ಟೋರು ಯಾರು ಅನ್ನೋದು ಮಾತು.”

ಪಂಚಾಕ್ಷರಪ್ಪ ಕುರ್ಚಿಯಲ್ಲಿ ಕುಸಿದರು. ಆದರೆ ಬಹಳ ಹೊತ್ತು ಹಾಗೆ ಕೂರುವ ಜಾತಿಯ ಮನುಷ್ಯ ಅವರಲ್ಲ. ಸ್ವಲ್ಪದರಲ್ಲೇ ತಲೆಯೆತ್ತಿ ಬೀರುವಿನ ಕಡೆ ನೋಡಿದರು. ಆಮೇಲೆ ಅದರ ಪಕ್ಕದ ಗೋಡೆಗೆ ನೇತುಹಾಕಿದ್ದ ಕ್ಯಾಲೆಂಡರಿನ ಕಡೆ.

“ಹಂಗಾದ್ರೆ ನೀವೇ ಹೇಳ್ದಂಗಾತು ಮೇಡಂ, ಹಾಳೆ ಹೋಗಿದ್ದು ಈ ಕೋಣೆಯಿಂದ್ಲೇ. ಬೀರುವಿನ ಕೀಲಿ ಆ ಕ್ಯಾಲೆಂಡರ್ ಹಿಂದೆ ಮೊಳೆಗೆ ಇರ್ತೈತೆ. ಅದು ನಂಗೊತ್ತು. ಇನ್ನು ಯಾರಿಗೆ ಗೊತ್ತಿರ್ತೈತೆ? ದಿನಾ ಕ್ಯಾಲೆಂಡರ್ ಧೂಳು ಹೊಡೆಯೋರಿಗೆ.”

ಎಲ್ಲರ ಕಣ್ಣೂ ಮೀನಾಕ್ಷಿಯ ಕಡೆ ತಿರುಗಿತು.

ಮಗಳ ಕುತ್ತಿಗೆಯಿಂದ ಬಿಡಿಸಿದ ಹಗ್ಗ ತಾಯಿಯ ಕುತ್ತಿಗೆಗೆ ಬೀಳುತ್ತಿತ್ತು. ಅದನ್ನು ಹೊಸೆದವರು ಜಯಶೀಲಾ ಅವರೇ.

“ಕೀಲಿ ಮೊಳೆಗೆ ನೇತುಹಾಕಿ ಕಾವಲು ಕಾಯ್ತೀನಿ ಅಂತೀರಲ್ಲ, ನಾಚಿಕೆ ಆಗಲ್ವೇನ್ರಿ?” ಎಂದು ಅವರು ಶುರುಮಾಡಿದರು.

“ಮೇಡಂ.” ಮೀನಾಕ್ಷಿ ಮಾತಾಡಿದ್ದಳು. ಆ ಮಧ್ಯಾಹ್ನದ ಅವಳ ಮೊದಲ ಮಾತು. “ಒಂದು ಕೇಳ್ತೀನಿ. ಹಂಗಾದ್ರೆ ನಮ್ಮ ಮಾನಸ ಆ ಹಾಳೇನ ಮುಂಚೆ ನೋಡೇ ಇಲ್ವಾ? ಖಾತ್ರಿನಾ?”

“ನೂರಕ್ಕೆ ನೂರು ಖಾತ್ರಿ ಕಣಮ್ಮ. ನೋಡಿದ್ರೆ ಎಂಬತ್ತನಾಲ್ಕು ಅಂತಿದ್ಲು. ಅವಳು ಮೊದಲ ಸಲ ಆ ಸಂಖ್ಯೆ ನೋಡಿದ್ದೇ ಹಾಲ್‌ನಾಗೆ. ನಿನ್ನ ಮಗಳು ಚಿನ್ನದಂಥೋಳು.”

ಮೀನಾಕ್ಷಿ ಮಗಳನ್ನೇ ನೋಡಿದಳು. ಕಣ್ಣಲ್ಲಿ ನೀರು ತುಂಬಿ ಬಂತು. ಮುಖ ಹಗುರಾಯಿತು ಎನ್ನುವಷ್ಟರಲ್ಲಿ ಅದು ಮತ್ತೆ ಗಂಟಿಕ್ಕಿಕೊಂಡಿತು. ಏನೋ ಒಂದು ಅವಳಿಗೆ ಅರ್ಥವಾಗುತ್ತಿತ್ತು. ಅವಳು ಪಂಚಾಕ್ಷರಪ್ಪನವರ ಕಡೆಗೂ ನೋಡಲಿಲ್ಲ, ಬೀರುವಿನ ಕಡೆಗೂ ನೋಡಲಿಲ್ಲ. ಗೋಡೆ ಬಿಟ್ಟು ನಾಲ್ಕು ಹೆಜ್ಜೆ ನಡೆದು ಬಾಗಿಲ ಹತ್ತಿರದ ಕುರ್ಚಿಯ ಮುಂದೆ ನಿಂತಳು.

“ಮೀನಾಕ್ಷಿ, ಸುಮ್ನಿರಮ್ಮ, ಒಂದು ನಿಮಿಷ...” ಎಂದರು ಜಯಶೀಲಾ. ಅಷ್ಟರಲ್ಲಿ ತಡವಾಗಿತ್ತು.

“ಮೇಷ್ಟ್ರೇ” ಎಂದಳು ಮೀನಾಕ್ಷಿ. “ಮಗಳಿಗೆ ತೋರಿಸಿ ಅರ್ಧ ಗಂಟೆಯಾಗೆ ವಾಪಸ್ ಕೊಡ್ತೀನಿ, ಅವಳ ಬಾಳು ಬೆಳಗ್ತೈತೆ ಅಂತ ನೀವೇ ಅಲ್ವಾ ನನ್ನ ಕೈಲಿ ಆ ಬೀರು ತೆಗೆಸಿದ್ದು? ನನ್ನ ಮಗಳು ಓದ್ಕಂಡು ಹೋಗಿ ಬರೆದಾಳೆ ಅಂತ ಹದಿನೈದು ದಿನ ನಾನೇ ನಂಬಿದ್ದೆ. ಅವಳ ಮಖ ನೋಡಾಕೂ ಆಗ್ತಿರ್ಲಿಲ್ಲ ನಂಗೆ. ಅವಳಿಗೆ ತೋರಿಸ್ಲೇ ಇಲ್ವಾ ನೀವು? ಆ ಹಿರಿಯೂರಿನ ಟ್ಯೂಷನ್ನಿನೋರಿಗೆ ಕೊಟ್ರಾ?”

ಗೋವರ್ಧನ ಮೇಷ್ಟ್ರು ಕುರ್ಚಿಯಿಂದ ಅರ್ಧ ಎದ್ದು ಮತ್ತೆ ಕೂತರು.

ಪಂಚಾಕ್ಷರಪ್ಪ ದೂರಿನ ಹಾಳೆಯನ್ನು ಹತ್ತಿರ ಎಳೆದುಕೊಂಡು ಮಾನಸಳ ಹೆಸರಿನ ಮೇಲೆ ಗೆರೆ ಹೊಡೆದರು. ಮೀನಾಕ್ಷಿಯ ಹೆಸರನ್ನು ಹಾಗೆಯೇ ಬಿಟ್ಟರು. ಅದರ ಪಕ್ಕದಲ್ಲಿ ಇನ್ನೊಂದು ಹೆಸರು ಬರೆಯಲು ಪೆನ್ನು ಹಿಡಿದು ಕಾದರು.

ಮಾನಸ ಮೇಷ್ಟ್ರ ಹತ್ತಿರ ಬಂದು ನಿಂತಿದ್ದಳು.

“ಸರ್” ಎಂದಳು. “ಇಲ್ಲ ಅನ್ರಿ, ಸರ್.”